ನಾಲ್ಕನೆಯ ಪೇಟ

“ನನ್ನ ಮಾತು ರೆಕಾರ್ಡ್ ಮಾಡ್ಕೊಂಡು ಏನಮ್ಮ ಮಾಡ್ತೀಯ? ಸರಿ, ಕೇಳು. ನಮ್ಮಪ್ಪ ಮೈಸೂರಲ್ಲಿ ಪೇಟ ಕಟ್ಟೋರು. ಮದುವೆ ಗಂಡುಗಳಿಗೆ, ಸನ್ಮಾನಕ್ಕೆ, ನಾಟಕದೋರಿಗೆ. ಮರದ ತಲೆ ಮೇಲೆ ಬಟ್ಟೆ ಸುತ್ತಿ, ನೆರಿಗೆ ಹಿಡಿದು, ಒಂದೊಂದು ನೆರಿಗೆಗೂ ಹೊಲಿಗೆ. ಅವರ ಸ್ವಂತ ತಲೆ ಮೇಲೆ ಮಾತ್ರ ಒಂದು ಟವೆಲ್ ಬಿಟ್ಟು ನಾನು ಬೇರೆ ಏನೂ ನೋಡ್ಲಿಲ್ಲ. ಕೇಳಿದ್ರೆ, ‘ನಾವೇ ಇಟ್ಕೊಂಡ್ರೆ ಅದು ಬಟ್ಟೆ ಕಣೋ, ಇನ್ನೊಬ್ಬರು ಇಟ್ರೆ ಮರ್ಯಾದೆ’ ಅನ್ನೋರು. ಈ ದೇಶಕ್ಕೆ ನಾನಾಗೇ ಬಂದೋನಲ್ಲ. ನಮ್ಮ ಶೋಭಾ ನರ್ಸು. ಅವಳನ್ನ ಆಸ್ಪತ್ರೆಯೋರು ಕರೆಸ್ಕೊಂಡ್ರು, ಅವಳು ನನ್ನ ಕರ್ಕೊಂಡ್ ಬಂದ್ಲು. ಎಲ್ಲಿ ಹೋದ್ರೂ ‘ಶೋಭಾ ಸಿಸ್ಟರ್ ಯಜಮಾನ್ರು’ ಅಂತ್ಲೇ ನನ್ನ ಹೆಸರು. ಡ್ರೈಕ್ಲೀನಿಂಗ್ ಅಂಗಡೀಲಿ ಪ್ಯಾಂಟು ಗಿಡ್ಡ ಮಾಡ್ಕೊಂಡಿದ್ದೆ. ಒಂದ್ಸಲ ಇಲ್ಲಿನ ಕನ್ನಡ ಸಂಘದೋರು ರಾಜ್ಯೋತ್ಸವಕ್ಕೆ ಊರಿಂದ ತರಿಸಿದ್ದ ಪೇಟ ಸೂಟ್‌ಕೇಸಲ್ಲಿ ಅಪ್ಪಚ್ಚಿ ಆಗಿತ್ತು. ಬಿಚ್ಚಿ ಸರಿ ಮಾಡಿ ಕೊಟ್ಟೆ. ಅವತ್ತಿಂದ ಹದಿನಾರು ವರ್ಷ, ಸಂಘದ ಪೇಟ ಎಲ್ಲ ನನ್ನ ಕೈದೇ. ಇಲ್ಲಿನ ಡಾಕ್ಟರುಗಳ ತಲೆ ಅಳತೆ ಅವರ ಹೆಂಡ್ತೀರಿಗಿಂತ ನನಗೆ ಚೆನ್ನಾಗಿ ಗೊತ್ತು. ನಗಬೇಡ, ನಿಜ.”

ಇಷ್ಟು ಹೇಳಿ ಪಂಚಾಕ್ಷರಿ ಮಾತು ಮುಗಿಸಿದರು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಆ ಸಾಲುಮನೆಯ ಮುಂದಿನ ಕೋಣೆಯಲ್ಲಿ ಒಂದೇ ಸಲಕ್ಕೆ ಇಷ್ಟು ಮಾತಾಗಿ ನಾಲ್ಕು ವರ್ಷವಾಗಿತ್ತು. ಶೋಭಾ ತೀರಿಕೊಂಡ ಮೇಲೆ ಅಲ್ಲಿ ಸದ್ದು ಮಾಡುತ್ತಿದ್ದದ್ದು ಹೊಲಿಗೆಯಂತ್ರ ಒಂದೇ.

ಎದುರಿಗೆ ಕೂತಿದ್ದವಳು ಶ್ರಾವ್ಯ, ಮ್ಯಾಂಚೆಸ್ಟರಿನಲ್ಲಿ ಓದುವ ಹುಡುಗಿ. ನೂರೈವತ್ತು ವರ್ಷದ ಹಿಂದೆ ಸ್ಟಾಕ್‌ಪೋರ್ಟಿನ ಟೋಪಿ ಕೆಲಸದವರು ಎಷ್ಟು ದುಡಿದರು, ಜನ ಅವರನ್ನು ಯಾವ ಅಂತಸ್ತಿನಲ್ಲಿ ಕೂರಿಸಿದರು ಎಂದು ಬರೆಯುವುದೇ ಅವಳ ಓದು. ಪಂಚಾಕ್ಷರಿ ಪೇಟ ಕಟ್ಟುವುದು ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಮರದ ಟೋಪಿ ಅಚ್ಚಿನ ಮೇಲೆ ಎಂದು ಯಾರೋ ಹೇಳಿದ್ದರು. ಅದನ್ನು ನೋಡಲು ಬಂದವಳು, ಆಮೇಲೆ ಭಾನುವಾರ ಭಾನುವಾರ ರೈಲು ಹಿಡಿದು ಬರತೊಡಗಿದಳು.

“ನಿಮ್ಮ ರಸ್ತೆಯಲ್ಲೇ ಒಬ್ಬ ಟೋಪಿಯವನಿದ್ದ ಅಂಕಲ್,” ಎಂದಳು ಒಂದು ದಿನ. “ಜನಗಣತಿ ಕಾಗದದಲ್ಲಿದ್ದಾನೆ. ಅಂತಸ್ತು, ಕಸುಬು ಎರಡಕ್ಕೂ ಸೇರಿ ಒಂದೇ ಕಾಲಮ್ಮು. ಅವನು ಕಸುಬು ಮಾತ್ರ ಬರೆಸಿದಾನೆ.”

“ಹೊಟ್ಟೆಪಾಡು ಹೆಂಗಿತ್ತಂತೆ?”

“ಕೆಲಸ ಇದ್ದ ವಾರ ಗುಮಾಸ್ತನಿಗಿಂತ ಜಾಸ್ತಿ ತರ್ತಿದ್ದ. ಸೀಸನ್ ಮುಗಿದ್ರೆ ಏನೂ ಇಲ್ಲ. ಆದ್ರೂ ಗುಮಾಸ್ತನ ಹೆಂಡ್ತಿ ಇವನ ಹೆಂಡ್ತೀನ ಟೀಗೆ ಕರೀತಿರಲಿಲ್ಲ.”

ಪಂಚಾಕ್ಷರಿ ಅಚ್ಚಿನ ನೆತ್ತಿ ಸವರುತ್ತ, “ನಮ್ಮನ್ನ ಟೀಗೆ ಕರೀತಾರಮ್ಮ, ಹಂಗೇನಿಲ್ಲ,” ಎಂದರು. “ಬರ್ತಾ ಅಳತೆ ಟೇಪ್ ತಗೊಂಡು ಬನ್ನಿ ಅಂತಾರೆ,” ಎಂದು ಸೇರಿಸಿದರು.

ಅಕ್ಟೋಬರಿನಲ್ಲಿ ಸಂಘದ ಕಾರ್ಯದರ್ಶಿ ಯಾಮಿನಿ ಫೋನ್ ಮಾಡಿದಳು. ಪ್ರತಿ ವರ್ಷ ಮೂರು ಪೇಟ. ಈ ಸಲವೂ ಮೂರರ ಅಳತೆ ಹೇಳಿ, ಆಮೇಲೆ ಕೇಳಿದಳು:

“ಅಂಕಲ್, ನಿಮ್ಮ ತಲೆ ಅಳತೆ ಎಷ್ಟು?”

“ನಂದಾ? ಯಾಕಮ್ಮ?”

“ಹೇಳಿ ಅಂಕಲ್.”

ಊರವರ ತಲೆಯನ್ನೆಲ್ಲ ಅಳೆದವರು ತಮ್ಮದನ್ನು ಅಳೆದಿರಲಿಲ್ಲ. ಟೇಪು ಹಿಂದೆ ಜಾರುತ್ತಿತ್ತು. ಹಿಡಿಯಲು ಇನ್ನೊಂದು ಕೈ ಮನೆಯಲ್ಲಿರಲಿಲ್ಲ. ಕನ್ನಡಿ ಮುಂದೆ ನಿಂತು ಮೂರು ಸಲ ಅಳೆದು, “ಇಪ್ಪತ್ತೆರಡೂವರೆ ಇಂಚು,” ಎಂದರು.

“ಹಾಗಾದ್ರೆ ನಾಲ್ಕನೆಯದು ಅದೇ ಅಳತೆಗೆ ಮಾಡಿಬಿಡಿ. ಯಾರಿಗೆ ಅಂತ ಕೇಳ್ಬೇಡಿ, ಸರ್‌ಪ್ರೈಸು.”

ಫೋನಿಟ್ಟ ಮೇಲೆ ಅವರು ಟೇಪು ಕೈಯಲ್ಲಿ ಹಿಡಿದೇ ಮತ್ತೆ ಕನ್ನಡಿಯ ಮುಂದೆ ಹೋಗಿ ನಿಂತರು. ತಲೆಯ ಮೇಲೆ ಇನ್ನೊಬ್ಬರ ಕೈಯಿಂದ ಒಂದು ಪೇಟ. ಅಪ್ಪನಿಗೆ ಬರಲಿಲ್ಲ, ತನಗೂ ಬರದು ಎಂದು ಎಂದೋ ಬಿಟ್ಟಿದ್ದ ಆಸೆ ಅದು. ಬಾಯಿಬಿಟ್ಟು ಯಾರಲ್ಲೂ ಹೇಳಿದ್ದಿಲ್ಲ. ಶೋಭಾಗೆ ಹೇಳದೆಯೇ ತಿಳಿದಿತ್ತು. “ಒಂದಿನ ನಿಮಗೂ ಇಡ್ತಾರೆ ಬಿಡಿ, ಇವರಿಗೆ ಡಾಕ್ಟರುಗಳು ಖಾಲಿಯಾದ್ಮೇಲೆ,” ಎಂದು ಚುಡಾಯಿಸುತ್ತಿದ್ದಳು.

ಮೂರು ಪೇಟ ಸಂಘದ ಬಟ್ಟೆಯಲ್ಲೇ ಮುಗಿದವು. ನಾಲ್ಕನೆಯದಕ್ಕೆ ಪೆಟ್ಟಿಗೆಯಿಂದ ಶೋಭಾಳ ಮದುವೆಯ ಮೈಸೂರು ರೇಷ್ಮೆ ತೆಗೆದರು. ಕತ್ತರಿ ಹಿಡಿದು ಎರಡು ದಿನ ಹಾಗೇ ಇಟ್ಟರು. ಮೂರನೆಯ ದಿನ ಜರಿಯಂಚು ಕತ್ತರಿಸಿದರು.

ಭಾನುವಾರ ಬಂದ ಶ್ರಾವ್ಯ ಅಂಚಿಲ್ಲದ ಸೀರೆಯನ್ನು ನೋಡಿದಳು. “ಅಂಕಲ್, ಇದು ಆಂಟಿ ಸೀರೆ ಅಲ್ವಾ?”

“ಹೌದಮ್ಮ. ಸುಮ್ನೆ ಪೆಟ್ಟಿಗೇಲಿ ಕೂತಿತ್ತು.”

“ಯಾರಿಗೆ ಈ ಪೇಟ?”

“ಕೇಳಬಾರದಂತೆ,” ಎಂದರು. ಆದರೆ ಮುಖ ಹೇಳಿಬಿಟ್ಟಿತ್ತು.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಶಾಲೆಯೊಂದರ ಹಾಲ್‌ನಲ್ಲಿ ರಾಜ್ಯೋತ್ಸವ. ಪಂಚಾಕ್ಷರಿ ಹೊಸದಾಗಿ ಕ್ಷೌರ ಮಾಡಿಸಿಕೊಂಡು, ನಡುವಿನ ದಾರಿಗೆ ಅಂಟಿದ ಕುರ್ಚಿ ಹಿಡಿದು ಕೂತಿದ್ದರು. ಶ್ರಾವ್ಯ ಪಕ್ಕದಲ್ಲಿದ್ದಳು. ಮೂರು ಪೇಟ ಮೂರು ತಲೆಗೇರಿದವು. ಯಾಮಿನಿ ನಾಲ್ಕನೆಯದನ್ನು ತಟ್ಟೆಯಲ್ಲಿಟ್ಟು ಮೈಕಿಗೆ ಬಂದಳು.

“ಎಷ್ಟೋ ವರ್ಷದಿಂದ ಸದ್ದಿಲ್ಲದೆ ನಮ್ಮ ಸಂಘಕ್ಕೆ ದುಡಿದವರು. ಇವತ್ತು ಅವರಿಗೇ ಗೊತ್ತಿಲ್ಲದ ಹಾಗೆ...”

ಪಂಚಾಕ್ಷರಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಪೇಟ ಇಡುವವರಿಗೆ ಕಡ್ಡಿ ಅಡ್ಡ ಬರಬಾರದು. ಎದ್ದರು.

“...ಈ ತಿಂಗಳು ನಿವೃತ್ತರಾಗ್ತಿರೋ ನಮ್ಮ ಡಾಕ್ಟರ್ ವಿಶ್ವೇಶ್ವರ ಅವರು.”

ಚಪ್ಪಾಳೆ ಬಿತ್ತು. ಪಂಚಾಕ್ಷರಿ ಆಗಲೇ ಎರಡು ಹೆಜ್ಜೆ ಹಾಕಿಯಾಗಿತ್ತು. ಮರಳಿ ಕೂತರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ಮುಂದಕ್ಕೇ ನಡೆದು ವೇದಿಕೆ ಹತ್ತಿದರು. ಡಾಕ್ಟರ ತಲೆಗೆ ಆಗಷ್ಟೇ ಇಟ್ಟ ಪೇಟವನ್ನು ಹಿಂದಿನಿಂದ ಒಂದಿಷ್ಟು ಒತ್ತಿ, ಅಂಚು ನೇರ ಮಾಡಿದರು, ಪ್ರತಿ ವರ್ಷ ಮಾಡುವ ಕೆಲಸವೇ ಎಂಬಂತೆ.

“ಕರೆಕ್ಟಾಗಿ ಕೂತಿದೆಯಲ್ರೀ,” ಎಂದರು ಡಾಕ್ಟರು.

“ಕೂರುತ್ತೆ ಸಾರ್.”

ಟೀ ಹೊತ್ತಿಗೆ ಯಾಮಿನಿ ಓಡಿ ಬಂದಳು. “ಅಂಕಲ್, ನಿಮ್ಮಿಂದ ಬಚಾವಾದ್ವಿ. ನಿಮ್ಮಿಬ್ಬರ ತಲೆ ಒಂದೇ ಸೈಜು ಅಂತ ನಮ್ಮ ಮನೆಯವರೇ ಹೇಳಿದ್ದು. ಡಾಕ್ಟರನ್ನೇ ಕೇಳಿದ್ರೆ ಗುಟ್ಟು ರಟ್ಟಾಗ್ತಿತ್ತು.” ಒಂದು ಸಮೋಸ ಕೈಗಿಟ್ಟು ಮತ್ತೆಲ್ಲಿಗೋ ಹೋದಳು.

ಶ್ರಾವ್ಯ ಟೀ ಲೋಟ ಕೆಳಗಿಟ್ಟಳು. “ನಾನು ಹೋಗಿ ಹೇಳ್ತೀನಿ ಅಂಕಲ್. ಅದರಲ್ಲಿರೋದು ಆಂಟಿ ಸೀರೆ. ವಾಪಸ್ ಕೊಡ್ತಾರೆ.”

“ಬೇಡಮ್ಮ. ಶೋಭಾ ಹಾಸಿಗೆ ಹಿಡಿದು ಮಲಗಿದ್ದಾಗ ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋದೋರು ಈ ಡಾಕ್ಟ್ರು. ತಲೆ ಮೇಲಿಂದ ಹೆಂಗೆ ಇಳಿಸ್ಲಿ?” ಸಮೋಸವನ್ನು ತಿನ್ನದೆ ಕಾಗದದಲ್ಲಿ ಸುತ್ತಿದರು. “ಸಂಘದೋರು ಕರೆದಿದ್ದು ಡಾಕ್ಟರನ್ನ. ಎದ್ದೋನು ನಾನು.”

ಮನೆಯವರೆಗೆ ಜೊತೆಯಲ್ಲಿ ಬರುವೆನೆಂದಳು. ಬೇಡವೆಂದರು.

ಮನೆ ಸೇರಿದಾಗ ಐದೂ ಆಗಿರಲಿಲ್ಲ, ಬೀದಿ ಕತ್ತಲಾಗಿತ್ತು. ಮೇಜಿನ ಮೇಲೆ ಬೋಳು ಅಚ್ಚು. ಪಕ್ಕದಲ್ಲಿ ಅಂಚು ಹೋದ ಸೀರೆ, ಕತ್ತರಿಸಿದ ಕಡೆ ನೂಲು ಬಿಡುತ್ತಿತ್ತು. ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ನೆಲದ ತುಂಬ ಪೇಟಗಳ ಒಳಗೆ ತುರುಕಲು ತಂದಿದ್ದ ಹಳೇ ಪೇಪರು. ಒಂದೊಂದಾಗಿ ಆರಿಸಿ ಒತ್ತಿ ಚಪ್ಪಟೆ ಮಾಡಿ ರದ್ದಿ ಕಾಗದದ ನೀಲಿ ಬಿನ್ನಿಗೆ ತುಂಬಿದರು. ಸೋಮವಾರ ಬೆಳಿಗ್ಗೆ ಅದನ್ನು ಒಯ್ಯಲು ಕೌನ್ಸಿಲ್ ಗಾಡಿ ಬರುತ್ತದೆ. ಬಿನ್ನನ್ನು ಗೇಟಿನಾಚೆ ಎಳೆದು, ಹಿಡಿಕೆ ರಸ್ತೆಯ ಕಡೆಗೆ ತಿರುಗಿಸಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಮೇಲಿನಿಂದ ಒಮ್ಮೆ ಒತ್ತಿದರು.