ನೇತು ಹಾಕಿದ ನಾಲ್ಕು ಟವೆಲ್

ಕಳೆದ ವರ್ಷದ ಮೇ ತಿಂಗಳು. ಚೆನ್ನೈನಲ್ಲಿ ಅಗ್ನಿನಕ್ಷತ್ರ ಶುರುವಾಗಿ ನಾಲ್ಕು ದಿನವಾಗಿತ್ತು. ವರ್ಷದ ಅತಿ ಕೆಟ್ಟ ಬಿಸಿಲಿನ ಆ ದಿನಗಳಿಗೆ ಇಲ್ಲಿನವರು ಇಟ್ಟಿರುವ ಹೆಸರು ಅದು. ಆ ಬಿಸಿಲಿನಲ್ಲಿ ನಡೆದ ಒಂದು ಸಂಗತಿ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಅರ್ಧ ಸಿಟ್ಟು ಬೇರೆಯವರ ಮೇಲೆ, ಉಳಿದರ್ಧ ನನ್ನ ಮೇಲೆಯೇ.

ನಮ್ಮದು ಮೂಲತಃ ಕುಂದಾಪುರದ ಕಡೆ. ಅಪ್ಪ ಚಿಕ್ಕ ವಯಸ್ಸಿನಲ್ಲೇ ಇಲ್ಲಿನ ಪುರಸೈವಾಕ್ಕಂ ಬಡಾವಣೆಯ ಒಂದು ಸಸ್ಯಾಹಾರಿ ಹೋಟೆಲಿಗೆ ಸಪ್ಲೈಯರ್ ಆಗಿ ಬಂದವರು. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹದಿನಾರು ವರ್ಷಗಳಿಂದ ಸಮುದ್ರದ ಪಕ್ಕದ ಒಂದು ದೊಡ್ಡ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೇನೆ. ರೂಮು ಗುಡಿಸಿ ಒರೆಸಿ ಹಾಸಿಗೆ ಹಾಸುವ ಹೆಂಗಸರ ಹಿಂದೆ ಹೋಗಿ, ಎಲ್ಲ ಸರಿಯಾಗಿದೆಯೇ ಎಂದು ನೋಡಿ, ಒಂದು ಶೀಟಿನಲ್ಲಿ ರುಜು ಹಾಕುವುದು ನನ್ನ ಕೆಲಸ.

ನಮ್ಮ ಹೋಟೆಲಿನ ಪ್ರತಿ ಹಾಸಿಗೆಯ ಮೇಲೂ ಒಂದು ಹಸಿರು ಕಾರ್ಡು ಇರುತ್ತದೆ. ಮೇಲೆ ಎಲೆಯ ಚಿತ್ರ, ಕೆಳಗೆ ಇಂಗ್ಲಿಷು, ತಮಿಳು. ಟವೆಲನ್ನು ನೇತು ಹಾಕಿದರೆ ನೀವು ಮತ್ತೆ ಬಳಸುತ್ತೀರಿ ಎಂದರ್ಥ, ನೆಲದ ಮೇಲೆ ಹಾಕಿದರೆ ಬದಲಾಯಿಸುತ್ತೇವೆ, ನೀರು ಉಳಿಸಲು ನೆರವಾಗಿ ಎಂದು ಅದರಲ್ಲಿದೆ. ಓದಲು ಚೆಂದ. ಆದರೆ ಕಾರ್ಡು ಬಂದ ವಾರದಲ್ಲೇ ಮ್ಯಾನೇಜರ್ ನಮ್ಮನ್ನೆಲ್ಲ ಕರೆದು, "ಕಾರ್ಡ್ ಇರಲಿ, ಟವೆಲ್ ಮಾತ್ರ ದಿನಾ ಮಾತ್ತಿಡುಂಗ. ಕಂಪ್ಲೇಂಟ್ ಬರಬಾರದು" ಎಂದಿದ್ದರು. ದಿನಾ ಬದಲಾಯಿಸಿ ಎಂದು. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ಸೆಲ್ವಿ ಒಬ್ಬಳನ್ನು ಬಿಟ್ಟು.

ಸೆಲ್ವಿ ಗುತ್ತಿಗೆ ಕೆಲಸದವಳು. ಹೋಟೆಲಿನಿಂದ ಎರಡು ಬಸ್ ಸ್ಟಾಪ್ ಆಚೆ ಅವಳ ಮನೆ. ಅವರ ಬೀದಿಯ ಕೈಪಂಪಿನಲ್ಲಿ ಉಪ್ಪು ನೀರು ಬರಲು ಶುರುವಾಗಿ ಎಷ್ಟೋ ವರ್ಷವಾಯಿತು. ದಿನ ಬಿಟ್ಟು ದಿನ ತಣ್ಣಿ ಲಾರಿ, ಅಂದರೆ ನೀರಿನ ಲಾರಿ, ಬರುತ್ತದೆ. ಬೆಳಗಾಗುವ ಮೊದಲೇ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಟ್ಟು, ಲಾರಿ ಬಂದ ಮೇಲೆ ಜಗಳವಾಡಿ ಹಿಡಿದು, ಮನೆಯಲ್ಲಿ ಸುರಿದಿಟ್ಟು, ಆಮೇಲೆ ಡ್ಯೂಟಿಗೆ ಬರುತ್ತಿದ್ದಳು. ಇಲ್ಲಿ ಬಂದು ನೋಡಿದರೆ ನಮ್ಮ ಈಜುಕೊಳಕ್ಕೆ, ಬಟ್ಟೆ ಒಗೆಯುವುದಕ್ಕೆ ಅಂಥವೇ ಲಾರಿಗಳು ಒಂದರ ಹಿಂದೆ ಒಂದು ಬಂದು ಸುರಿಯುತ್ತಿರುತ್ತವೆ.

ಒಂದು ದಿನ ಅವಳು ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು, "ಅಕ್ಕಾ, ಒರು ಟವೆಲ್ ತೊವೈಕ್ಕಲೇನ್ನಾ ಎತ್ತನೆ ಕುಡಂ ಮಿಚ್ಚಂ?" ಎಂದು ಕೇಳಿದಳು. ಒಂದು ಟವೆಲ್ ಒಗೆಯದಿದ್ದರೆ ಎಷ್ಟು ಕೊಡ ನೀರು ಉಳಿಯುತ್ತದೆ ಎಂದು. ನನಗೆ ಗೊತ್ತಿರಲಿಲ್ಲ. "ಕಾರ್ಡಿನಲ್ಲಿ ಇರುವ ಹಾಗೇ ಮಾಡ್ತೀನಿ ಅಕ್ಕಾ" ಎಂದಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಮಾಡು ಎಂದೆ. ಅಷ್ಟು ದೊಡ್ಡ ಹೋಟೆಲಿನಲ್ಲಿ ಆ ಕಾರ್ಡನ್ನು ನಂಬಿದವಳು ಅವಳೊಬ್ಬಳೇ.

ಆ ಮೇ ತಿಂಗಳಲ್ಲಿ ತುಮಕೂರಿನ ಕಡೆಯಿಂದ ಒಂದು ಬಸ್ಸು ತುಂಬ ಜನ ಬಂದು ನಮ್ಮಲ್ಲಿ ಇಳಿದುಕೊಂಡರು. ಎಲ್ಲರ ತಲೆಯ ಮೇಲೂ 'ಭೂಮಿ ಉಳಿಸಿ' ಎಂದು ಕನ್ನಡದಲ್ಲಿ ಬರೆದ ಹಸಿರು ಟೋಪಿ. ನನಗೆ ಅಕ್ಷರ ನೋಡಿಯೇ ಖುಷಿಯಾಯಿತು. ಅವರ ಮುಂದಾಳು ನಿವೃತ್ತ ಅಧಿಕಾರಿ, ಶಿವಶಂಕರಪ್ಪ ಎಂದಿಟ್ಟುಕೊಳ್ಳಿ. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಅವರ ಮುಖ ಅರಳಿತು. "ಓಹೋ, ನಮ್ಮೋರೇ! ನೋಡಮ್ಮಾ, ನಾವು ಸುಮ್ನೆ ಸುತ್ತೋಕೆ ಬಂದಿರೋರಲ್ಲ. ಹೋದ ಕಡೆಯೆಲ್ಲ ಪರಿಸರ ಕಾಪಾಡ್ಕೊಂಡೇ ಪ್ರವಾಸ ಮಾಡೋದು" ಎಂದರು. ಅವರ ಹೆಂಡತಿ ಪಕ್ಕದಲ್ಲಿ ನಿಂತು ಮೆಲ್ಲಗೆ ನಕ್ಕರು.

ಮರುದಿನ ಬೆಳಿಗ್ಗೆ ಅವರೆಲ್ಲ ಕೈಗವಸು ಹಾಕಿಕೊಂಡು ಬೀಚಿಗೆ ಹೋಗಿ ಕಸ ಹೆಕ್ಕಿದರು. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡರು. ಕಸ ತುಂಬಿದ ಚೀಲಗಳನ್ನು ಮಾತ್ರ ಹೋಟೆಲಿನ ಹಿಂದಿನ ಗೇಟಿನ ಹತ್ತಿರ ಇಟ್ಟು, "ನೀವು ನೋಡ್ಕೊಳ್ಳಿ" ಎಂದು ತಿಂಡಿಗೆ ಹೋದರು. ಹೋಗಲಿ, ಅಷ್ಟಾದರೂ ಮಾಡಿದರಲ್ಲ ಎಂದುಕೊಂಡೆ.

ಆ ಹೊತ್ತಿಗೆ ಸೆಲ್ವಿ ಶಿವಶಂಕರಪ್ಪನವರ ರೂಮಿನಿಂದ ಓಡಿ ಬಂದಳು. "ಅಕ್ಕಾ, ಬಂದು ನೋಡಿ. ನಾಲ್ಕು ಟವೆಲೂ ಸಾಲಾಗಿ ನೇತು ಹಾಕಿದ್ದಾರೆ. ನಲ್ಲವಂಗ ಅಕ್ಕಾ" ಎಂದಳು ತಮಿಳಿನಲ್ಲಿ. ಒಳ್ಳೆಯ ಜನ ಎಂದು. ಹೋಗಿ ನೋಡಿದೆ. ಕಂಬಿಯ ಮೇಲೆ ಅಂಚಿಗೆ ಅಂಚು ಕೂಡಿಸಿ, ಸುಕ್ಕು ಬಿಡಿಸಿ ಹಾಕಿದ್ದರು. ನಾನು ಶೀಟಿನಲ್ಲಿ 'ಟವೆಲ್ ಬದಲಾಯಿಸಿಲ್ಲ, ಅತಿಥಿಗಳೇ ನೇತು ಹಾಕಿದ್ದಾರೆ' ಎಂದು ಬರೆದು ರುಜು ಹಾಕಿದೆ.

ಮಧ್ಯಾಹ್ನ ರಿಸೆಪ್ಷನ್ನಿನಿಂದ ಕರೆ ಬಂತು. ಹೋದರೆ ಶಿವಶಂಕರಪ್ಪನವರ ಧ್ವನಿ ಲಿಫ್ಟಿನವರೆಗೆ ಕೇಳುತ್ತಿತ್ತು. ಸುತ್ತ ಅವರ ಗುಂಪಿನ ಹತ್ತು ಹನ್ನೆರಡು ಜನ. ಹೆಂಡತಿ ಸೋಫಾದ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಏನಮ್ಮಾ ಇದು? ನಿನ್ನೆ ಕೊಟ್ಟ ಟವೆಲ್ಲೇ ಇವತ್ತೂ ಇದೆ! ಒದ್ದೆ ವಾಸನೆ! ಇದೇನು ಧರ್ಮಛತ್ರವಾ?"

"ಸಾರ್, ಹಾಸಿಗೆ ಮೇಲೆ ಒಂದು ಕಾರ್ಡ್ ಇತ್ತಲ್ಲ, ಓದ್ಲಿಲ್ವಾ? ನೇತು ಹಾಕಿದ್ರೆ ಬದಲಾಯಿಸೂದಿಲ್ಲ ಅಂತ ಅದ್ರಲ್ಲೇ ಉಂಟು."

"ನೇತು ಹಾಕ್ದೆ ಇನ್ನೇನು ಮಾಡ್ತಾರೆ? ಒದ್ದೆ ಟವೆಲ್ ನೆಲಕ್ಕೆ ಬಿಸಾಕೋದು ನಮ್ಮ ಮನೇಲಿ ಅಭ್ಯಾಸ ಇಲ್ಲ. ಅದೆಲ್ಲ ಫಾರಿನ್‌ನವರ ಚಾಳಿ."

"ಸಾರ್, ನೀರು ಉಳಿಸ್ಲಿಕ್ಕೆ ಅಂತ… ನೀವೇ ಪರಿಸರದ ಬಗ್ಗೆ…"

ಅವರು ನಕ್ಕರು. ಆ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಪರಿಸರ ಅನ್ನೋದು ಹೊರಗಡೆ ಇರೋದಮ್ಮಾ. ಬೀಚಿನಲ್ಲಿ, ಕಾಡಿನಲ್ಲಿ. ರೂಮಿನೊಳಗೆ ನಾವು ಬಾಡಿಗೆ ಕೊಟ್ಟಿದೀವಿ. ಅದು ಬೇರೆ, ಇದು ಬೇರೆ. ಇದನ್ನ ಫೋಟೋ ತೆಗೆದು ಆಗ್ಲೇ ನೆಟ್ಟಿಗೆ ಹಾಕಿದೀನಿ."

ನೆಟ್ಟು ಎಂದ ಕೂಡಲೇ ಮ್ಯಾನೇಜರ್ ಹೊರಗೆ ಬಂದರು. ಅವರಿಗೆ ಟವೆಲೂ ಬೇಡ, ನೀರೂ ಬೇಡ, ಒಂದು ಹೆಸರು ಬೇಕಿತ್ತು. "ಆ ರೂಮ್ ಯಾರು ಮಾಡಿದ್ದು?" ಎಂದರು. ಸೆಲ್ವಿಯನ್ನು ಕರೆಸಿದರು. ಅವಳು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ನಗುತ್ತಲೇ ಬಂದಳು, ಪಾಪ. ಒಳ್ಳೆಯ ಜನ ಅವಳನ್ನು ಹೊಗಳಲು ಕರೆಸಿದ್ದಾರೆ ಎಂದೇ ಅವಳೆಣಿಕೆ.

"ಟವೆಲ್ ಯಾಕೆ ಬದಲಾಯಿಸಲಿಲ್ಲ?"

"ಕಾರ್ಡಿನಲ್ಲಿ ಹಾಗೆ ಇದೆಯಲ್ಲ ಸಾರ್."

"ನಿನಗೆ ಯಾರು ಹೇಳಿದ್ದು?"

ಅವಳು ನನ್ನ ಕಡೆ ನೋಡಿದಳು. ಶೀಟು ನನ್ನ ಕಂಕುಳಲ್ಲಿದ್ದ ಫೈಲಿನಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ಆದರೆ ಇಟ್ಟರೆ, ದಿನಾ ಬದಲಾಯಿಸಿ ಎಂದ ಮಾತನ್ನು ಮೀರಿದವಳು ನಾನು ಎಂದಾಗುತ್ತಿತ್ತು. ಫೈಲನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ. ಸೆಲ್ವಿ ಒಂದು ಕ್ಷಣ ಕಾದು, "ಯಾರೂ ಹೇಳಲಿಲ್ಲ ಸಾರ್, ನಾನೇ" ಎಂದಳು.

ಅವಳಿಂದ ಕೈ ಮುಗಿಸಿ ಕ್ಷಮೆ ಕೇಳಿಸಿದರು. ಶಿವಶಂಕರಪ್ಪನವರ ರೂಮಿಗೆ ನಾಲ್ಕರ ಬದಲು ಹನ್ನೆರಡು ಹೊಸ ಟವೆಲ್ ಹೋಯಿತು. ಅವರು ಸಮಾಧಾನವಾಗಿ, "ಇವಳಿಗೆ ಸ್ವಲ್ಪ ಹೇಳಿ ಕೊಡಮ್ಮಾ, ಪಾಪ, ಓದು ಬರಹ ಇಲ್ದೋರು" ಎಂದರು. ಕಾರ್ಡು ಓದಿ ನಡೆದವಳಿಗೆ ಓದು ಬರಹ ಇಲ್ಲವಂತೆ! ಸಂಜೆ ಗುತ್ತಿಗೆದಾರರಿಗೆ ಫೋನು ಹೋಯಿತು. ನಾಳೆಯಿಂದ ಸೆಲ್ವಿ ಬರುವುದು ಬೇಡ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನನ್ನ ಕೋಪಕ್ಕೆ ಅಷ್ಟೂ ಧೈರ್ಯವಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಹೊರಡುವ ಹೊತ್ತು. ಬಸ್ಸು ಬಾಗಿಲಿನ ಮುಂದೆ ನಿಂತಿತ್ತು. ಬ್ಯಾನರ್ ಹಿಡಿದು ನಿಂತ ಗುಂಪಿನ ಫೋಟೋ ತೆಗೆದುಕೊಡಲು ಶಿವಶಂಕರಪ್ಪನವರು ನನ್ನನ್ನೇ ಕರೆದು ಮೊಬೈಲ್ ಕೊಟ್ಟರು. ಅಷ್ಟರಲ್ಲಿ ನೀರಿನ ಲಾರಿ ಒಳಗೆ ಬಂತು. ದಾರಿ ಇಲ್ಲದೆ ಹಾರ್ನ್ ಹೊಡೆಯಿತು. "ಅಯ್ಯೋ, ಫೋಟೋದಲ್ಲಿ ಲಾರಿ ಬರ್ತದಲ್ಲಾ, ಸ್ವಲ್ಪ ಹಿಂದಕ್ಕೆ ಹೋಗೋಕೆ ಹೇಳಮ್ಮಾ" ಎಂದರು.

ನನಗೆ ಎಲ್ಲಿತ್ತೋ ಆ ಸಿಟ್ಟು.

"ಇಲ್ಲ ಸಾರ್, ಲಾರಿನೂ ಬರಲಿ. ಈ ಲಾರಿ ನೀರೇ ನಿಮ್ಮ ಹನ್ನೆರಡು ಟವೆಲ್‌ಗೆ. ನಿನ್ನೆ ನಿಮ್ಮತ್ರ ಕೈ ಮುಗಿದಳಲ್ಲ ಸೆಲ್ವಿ, ಅವ್ಳ ಬೀದಿಗೆ ಇಂಥದ್ದು ಎರಡು ದಿನಕ್ಕೊಂದು ಬರೂದು. ನೀವು ಟವೆಲ್ ನೇತು ಹಾಕಿದ್ದು ನೋಡಿ, ಒಳ್ಳೆ ಜನ ಅಂತ ಕುಣ್ಕೊಂಡು ಬಂದಿದ್ಳು. ಇವತ್ತು ಅವ್ಳಿಗೆ ಕೆಲ್ಸ ಇಲ್ಲ. ಭೂಮಿ ಉಳಿಸೂದು ಆಮೇಲೆ ಸಾರ್, ಮೊದಲು ಮನುಷ್ಯರ ಹೊಟ್ಟೆ ಮೇಲೆ ಹೊಡಿಬೇಡಿ."

ಶಿವಶಂಕರಪ್ಪನವರ ಮುಖ ಕೆಂಪಾಯಿತು. "ಕನ್ನಡದವಳು ಅಂತ ಸಲುಗೆ ಕೊಟ್ಟಿದ್ದೇ ತಪ್ಪಾಯ್ತು" ಎಂದು ಮೊಬೈಲ್ ಕಿತ್ತುಕೊಂಡು ಬಸ್ ಹತ್ತಿದರು. ಉಳಿದವರೂ ಟೋಪಿ ಸರಿಮಾಡಿಕೊಳ್ಳುತ್ತ ಹತ್ತಿದರು. ಅವರ ಹೆಂಡತಿ ಮಾತ್ರ ಹಿಂದೆ ಉಳಿದು ನನ್ನ ಹತ್ತಿರ ಬಂದರು.

"ಆ ಕಾರ್ಡನ್ನ ನಾನು ಓದಿದ್ದೆ ಕಣಮ್ಮಾ" ಎಂದರು ಮೆಲ್ಲಗೆ. "ಬೇಕು ಅಂತಲೇ ನೇತು ಹಾಕಿದ್ದು ನಾನೇ. ಎರಡು ದಿನಕ್ಕೆ ಆ ಟವೆಲ್ಲೇ ಸಾಕಾಗಿತ್ತು. ಅವರಿಗೆ ಗೊತ್ತಿರಲಿಲ್ಲ."

"ಮತ್ತೆ ನಿನ್ನೆ ಎಂತಕ್ಕೆ ಹೇಳ್ಲಿಲ್ಲ ಅಮ್ಮಾ? ಅಲ್ಲೇ ಕೂತಿದ್ರಲ್ಲ ನೀವು?"

"ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ? ಅವರ ಮರ್ಯಾದೆ…"

"ಅವರ ಮರ್ಯಾದೆ ಉಳೀತು. ಅವ್ಳ ಕೆಲ್ಸ ಹೋಯ್ತು."

ಅವರ ಕಣ್ಣಲ್ಲಿ ನೀರು ಬಂತು. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಬಸ್ಸಿನಿಂದ "ಲೇ, ಬರ್ತೀಯೋ ಇಲ್ವೋ?" ಎಂದು ಕೂಗು ಬಂತು. ಅವರು ಹೋದರು. ಬಸ್ಸು ಗೇಟು ದಾಟಿದ ಮೇಲೆಯೇ ನನಗೆ ಹೊಳೆದದ್ದು, ನಾನು ಅವರಿಗೆ ಕೇಳಿದ ಪ್ರಶ್ನೆ ನನಗೂ ಸಲ್ಲುತ್ತದೆ ಎಂದು. ಅವರು ಸೋಫಾದಲ್ಲಿ ಕೂತು ಸುಮ್ಮನಿದ್ದರು, ನಾನು ಫೈಲ್ ಹಿಡಿದು ನಿಂತು ಸುಮ್ಮನಿದ್ದೆ. ಇಷ್ಟೇ ವ್ಯತ್ಯಾಸ.

ನೇರ ಮ್ಯಾನೇಜರ್ ಕೋಣೆಗೆ ಹೋಗಿ ಶೀಟನ್ನು ಮೇಜಿನ ಮೇಲಿಟ್ಟೆ. ಅವರು ನೋಡಿ, "ಈಗ ತಂದು ಏನು ಪ್ರಯೋಜನ? ಬೇರೆಯವಳನ್ನು ಹಾಕಿ ಆಯಿತು" ಎಂದರು. ನನಗೊಂದು ಮೆಮೋ ಸಿಕ್ಕಿತು, ಅಷ್ಟೇ. ಹೆದರಿದ್ದೆನಲ್ಲ, ಅದು ಬರೀ ಒಂದು ಕಾಗದ. ವಾರ ಕಳೆದು ನೆಟ್ಟಿನಲ್ಲಿ ನೋಡಿದರೆ ಶಿವಶಂಕರಪ್ಪನವರು ತಮ್ಮ ಅಭಿಪ್ರಾಯ ಬದಲಾಯಿಸಿ ಬರೆದಿದ್ದರು. 'ದೂರು ಕೊಟ್ಟ ಕೂಡಲೇ ಹೊಸ ಟವೆಲ್ ಕೊಟ್ಟರು. ಒಬ್ಬ ಸಿಬ್ಬಂದಿಯ ನಡವಳಿಕೆ ಸರಿ ಇಲ್ಲ. ಉಳಿದಂತೆ ಪರಿಸರ ಸ್ನೇಹಿ ಹೋಟೆಲ್.' ಜೊತೆಗೆ ಬೀಚಿನಲ್ಲಿ ಕಸದ ಚೀಲ ಹಿಡಿದ ಫೋಟೋ. ಲಾರಿ ಅದರಲ್ಲಿ ಇರಲಿಲ್ಲ.

ಆ ಭಾನುವಾರ ಸೆಲ್ವಿಯ ಮನೆಗೆ ಹೋದೆ. ನೀರು ಬರುವ ದಿನ, ಲಾರಿ ತಡವಾಗಿತ್ತು. ಅವಳು ಕೊಡಗಳ ಸಾಲಿನ ಪಕ್ಕ ಕೂತಿದ್ದಳು. ಪುರಸೈವಾಕ್ಕಂನಲ್ಲಿ ನನ್ನ ಅಣ್ಣ ಈಗ ಹೋಟೆಲ್ ನಡೆಸುತ್ತಾನೆ, ಅಲ್ಲಿ ಕೆಲಸಕ್ಕೆ ಹೇಳುತ್ತೇನೆ ಎಂದೆ. "ವೇಂಡಾಂ ಅಕ್ಕಾ" ಎಂದು ಬೇಡವೆಂದಳು. ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿದೆಯಂತೆ. ಬೈಯಲಿಲ್ಲ, ಅಳಲಿಲ್ಲ, ಕುಡಿಯಲು ಮಜ್ಜಿಗೆ ಕೊಟ್ಟಳು. ನಾನು ಎದ್ದು ಹೊರಡುವಾಗ ಮಾತ್ರ ಕೇಳಿದಳು: "ಅಕ್ಕಾ, ಅವತ್ತು ಶೀಟಿನಲ್ಲಿ ನೀವು ರುಜು ಹಾಕಿದ್ದಿರಿ ಅಲ್ಲವಾ? ಸಾರ್‌ಗೆ ಹೇಳಲಿಲ್ಲವಾ?"

ಲಾರಿ ಬಂತು. ಅವಳು ಕೊಡ ಎತ್ತಿಕೊಂಡು ಓಡಿದಳು. ಉತ್ತರ ಕೊಡುವುದು ತಪ್ಪಿತು ಎಂದು ನನಗೆ ಆಗ ಸಮಾಧಾನವೇ ಆಯಿತು, ನಾಚಿಕೆಗೇಡು.

ಈಗಲೂ ದಿನಾ ಬೆಳಿಗ್ಗೆ ಆ ಹಸಿರು ಕಾರ್ಡು ಹಾಸಿಗೆಯ ಮೇಲೆ ನೆಟ್ಟಗಿದೆಯೇ ಎಂದು ನೋಡುವುದು ನನ್ನದೇ ಕೆಲಸ. ಟವೆಲುಗಳು ದಿನಾ ಬದಲಾಗುತ್ತವೆ. ಸೆಲ್ವಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಅವತ್ತು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ರುಜು ಹಾಕಿದ್ದೆ, ಸೆಲ್ವಿ. ಹೇಳಲಿಲ್ಲ.