ಕಪ್ಪು ಬಣ್ಣ ಬಳಿದ ರೆಗ್ಯುಲೇಟರ್

‘ಡ್ರೈವರ್ ಹೊಸ ರೆಗ್ಯುಲೇಟರ್ ಬಿಚ್ಚಿ ಮಾರ್ಕೊಂಡ, ಹಳೇದನ್ನ ತಂದು ಹಾಕ್ದ. ಅದಕ್ಕೇ ಯಜಮಾನರ ಕಾರು ಕುಣಿಗಲ್ ದಾರೀಲಿ ಸುಟ್ಕೊಳ್ತು.’

ಗುಬ್ಬಿಯಲ್ಲಿ ಈ ಮಾತು ಇಂದಿಗೂ ಕೇಳಿಬರುತ್ತದೆ. ಹೇಳುವವರಲ್ಲಿ ಹೆಚ್ಚಿನವರು ಆ ಕಾರನ್ನು ಕಣ್ಣಿಂದ ಕಂಡವರೂ ಅಲ್ಲ. ಈಚೆಗೆ ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ ಇದನ್ನೇ ಹೇಳಿದಾಗ ನಾನು ‘ಸುಳ್ಳು’ ಎಂದೆ. ಪಕ್ಕದಲ್ಲಿದ್ದವರು ನಕ್ಕು, ಎಲೆಗೆ ಪಾಯಸ ಬಡಿಸಿಕೊಂಡರು. ಎಲೆಯ ಮುಂದೆ ಹೇಳಿ ಮುಗಿಸುವ ವಿಷಯ ಅದಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅದು ಎಂಬತ್ತರ ದಶಕದ ನಡುವಿನ ಕಾಲ. ತುಮಕೂರಿನ ಶಿರಾ ಗೇಟ್‌ನಲ್ಲಿ ಕಾರು, ಲಾರಿಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟುಕೊಂಡಿದ್ದೆ. ಯಜಮಾನರೆಂದರೆ ಗುಬ್ಬಿಯ ಕಡೆಯ ತೆಂಗಿನ ತೋಟದವರು. ಅವರ ಬಿಳಿ ಕಾರನ್ನು ಒಂಬತ್ತು ವರ್ಷದಿಂದ ಓಡಿಸುತ್ತಿದ್ದ ಡ್ರೈವರ್ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು. ಆ ಕಾರಿನ ಒಂದು ಸಣ್ಣ ಸದ್ದು ಬದಲಾದರೂ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಎಂಜಿನ್ ತಿರುಗಿದಂತೆ ಹುಟ್ಟುವ ಕರೆಂಟನ್ನು ಹದದಲ್ಲಿಟ್ಟು ಬ್ಯಾಟರಿಗೆ ಕಳಿಸುವುದು ರೆಗ್ಯುಲೇಟರಿನ ಕೆಲಸ. ಹಳೆಯ ರೆಗ್ಯುಲೇಟರ್ ಕಪ್ಪು ಮುಚ್ಚಳದ ಡಬ್ಬಿ. ಅದನ್ನು ಬಿಚ್ಚಿ, ಒಳಗಿನ ಪಾಯಿಂಟುಗಳನ್ನು ಉಜ್ಜಿ ಸರಿಪಡಿಸಬಹುದಾಗಿತ್ತು. ಆಗ ಹೊಸದಾಗಿ ಬಂದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಗಲ್ಲ. ಅಂಗೈಯಗಲದ ಅಲ್ಯುಮಿನಿಯಂ ಡಬ್ಬಿ, ಒಳಗೆ ಅಂಟು ತುಂಬಿ ಮುಚ್ಚಿದ್ದು. ಕೆಟ್ಟರೆ ಬದಲಾಯಿಸಬೇಕೇ ಹೊರತು ರಿಪೇರಿಯಿಲ್ಲ. ಅದರ ಜೊತೆ ಇಂಗ್ಲಿಷಿನ ಒಂದು ಚೀಟಿ ಬಂದಿತ್ತು. ಶಾಲೆ ನನಗೆ ಇಂಗ್ಲಿಷ್ ಕಲಿಸಲಿಲ್ಲ, ನಿಘಂಟು ಕಲಿಸಿತು. ಡಬ್ಬಿಯ ಮೈ ಕಾರಿನ ಬರಿಯ ತಗಡಿಗೆ ತಾಗಿರಬೇಕು ಎಂದು ಚೀಟಿಯಲ್ಲಿತ್ತು. ಯಜಮಾನರ ಕಾರಿಗೆ ಅದನ್ನು ಕೂರಿಸುವಾಗ ಬಾನೆಟ್ಟಿನೊಳಗಿನ ತಗಡನ್ನು ಬ್ಲೇಡಿನಿಂದ ಕೆರೆದು ಬೆಳ್ಳಗೆ ಮಾಡಿದೆ. ಗ್ಯಾರಂಟಿ ಕಾರ್ಡಿನಲ್ಲಿ ಡಬ್ಬಿಯ ನಂಬರನ್ನೂ ಕಾರಿನ ನಂಬರನ್ನೂ ಬರೆದೆ.

‘ಬೆಳ್ಳಿ ಕುಂಕುಮದ ಬಟ್ಲು ಇದ್ದಂಗೈತಲ್ಲಯ್ಯ,’ ಎಂದು ಯಜಮಾನರು ಬಗ್ಗಿ ನೋಡಿ ಮೆಚ್ಚಿಕೊಂಡರು. ಆ ಹೊಳಪು ಅವರ ಕಣ್ಣಿನಲ್ಲಿ ಉಳಿಯಿತು. ಮುಂದಿನ ಅನಾಹುತಕ್ಕೆ ಅರ್ಧ ಕಾರಣ ಅದೇ.

ಆಯುಧಪೂಜೆ ಕಳೆದು ಎರಡು ವಾರಕ್ಕೆ ಅವರು ಮನೆಮಂದಿಯೊಡನೆ ಕುಣಿಗಲ್ಲಿಗೆ ನಿಶ್ಚಿತಾರ್ಥಕ್ಕೆ ಹೊರಟಿದ್ದರು. ಹೆಬ್ಬೂರು ದಾಟುತ್ತಲೇ ಬಾನೆಟ್ಟಿನಿಂದ ಹೊಗೆ ಎದ್ದಿತು. ಬ್ಯಾಟರಿ ಕುದಿದು ಆಸಿಡ್ ಚೆಲ್ಲಿತ್ತು, ವೈರುಗಳು ಕರಗಿದ್ದವು. ರೇಷ್ಮೆ ಸೀರೆಯ ಹೆಂಗಸರು ರಸ್ತೆಯ ಪಕ್ಕ ನಿಂತರು. ಯಜಮಾನರು ಬಾನೆಟ್ ಎತ್ತಿಸಿ ನೋಡಿದರೆ, ಬೆಳ್ಳಿಯಂಥ ಡಬ್ಬಿಯಿದ್ದ ಜಾಗದಲ್ಲಿ ಕಪ್ಪು ಡಬ್ಬಿ.

ಮಾರನೆಯ ದಿನ ಗುಬ್ಬಿಯ ಪೇಟೆಯಲ್ಲಿ, ಕೊಬ್ಬರಿ ಅಂಗಡಿಯ ಮುಂದೆ, ಹತ್ತು ಜನರ ಎದುರು ಡ್ರೈವರನ ವಿಚಾರಣೆ ನಡೆಯಿತು.

‘ಹೊಸದು ಎಲ್ಲೈತ್ಲಾ?’

‘ಅದೇ ಇದು ಯಜಮಾನ್ರೇ. ಆಯುಧಪೂಜೆಗೆ ಬಿಚ್ಚಿ, ಡಬ್ಬಿಗೂ ಬಾನೆಟ್ ಒಳಗೂ ಕಪ್ಪು ಬಣ್ಣ ಹೊಡ್ದು, ತಿರುಗಾ ಕೂರಿಸ್ದೆ. ವರ್ಷಾ ವರ್ಷಾ ಹೊಡಿತೀನಲ್ಲ.’

‘ಬಣ್ಣ ಹೊಡುದ್ರೆ ಕಾರು ಹೊಗೆ ಉಗುಳ್ತದೇನ್ಲಾ? ಕತೆ ಕಟ್ತೀಯಾ?’

ಡಬ್ಬಿಯನ್ನು ಟವಲಿನಲ್ಲಿ ಸುತ್ತಿಕೊಂಡು ಯಜಮಾನರು ನನ್ನ ಅಂಗಡಿಗೆ ಬಂದು ಅದೇ ಪ್ರಶ್ನೆ ಕೇಳಿದರು. ‘ಬಣ್ಣದಿಂದ ಕಾರು ಸುಡಲ್ಲ,’ ಎಂದೆ ನಾನು. ಆಡಿದ್ದು ಅಷ್ಟೇ. ಆ ಮಾತು ಗುಬ್ಬಿಗೆ ನನಗಿಂತ ಮೊದಲು ತಲುಪಿತು. ಬಣ್ಣ ಕೆರೆದು ನಂಬರ್ ನೋಡೋಣ ಎಂದು ಕೈಚಾಚಿದರೆ ಅವರು ಕೊಡಲಿಲ್ಲ. ‘ಮುಟ್ಬೇಡ. ಹೆಂಗೈತೋ ಹಂಗೇ ಸ್ಟೇಷನ್ನಿಗೆ ಕೊಡ್ಬೇಕು. ನೀನು ಇನ್ನೊಂದು ಹೊಸದು ತಂದು ಹಾಕು. ಅದು ಸರಿಯಾಗಿ ಕೆಲ್ಸ ಮಾಡ್ತು ಅನ್ನು, ಅವನು ಕಳ್ಳ. ಅವತ್ತೇ ಪೊಲೀಸ್ರಿಗೆ ದೂರು ಬರ್ಕೊಡ್ತೀನಿ.’

ಒಂಬತ್ತು ವರ್ಷದ ಕೆಲಸವೂ ಮಾನವೂ ಒಂದು ಡಬ್ಬಿಯ ಮೇಲೆ ನಿಂತಿತು. ಸುಟ್ಟ ವೈರುಗಳನ್ನೂ ಬ್ಯಾಟರಿಯನ್ನೂ ಬದಲಿಸಿ, ಎರಡನೆಯ ಡಬ್ಬಿಯನ್ನು ಯಜಮಾನರೆದುರೇ ಪೊಟ್ಟಣ ಒಡೆದು ಕೂರಿಸಿದೆ. ಸ್ಕ್ರೂ ಬಿಗಿಯುವಾಗ ತಗಡನ್ನು ನೋಡಲಿಲ್ಲ. ಅದನ್ನು ನಾನೇ ಕೆರೆದಿದ್ದೆನಲ್ಲ ಎಂಬ ನೆನಪೇ ನೋಟದ ಕೆಲಸ ಮಾಡಿಬಿಟ್ಟಿತು.

ಬೆಳಗ್ಗೆ ಹತ್ತರ ಸುಮಾರಿಗೆ ಕುಣಿಗಲ್ ರಸ್ತೆ ಹಿಡಿದೆವು. ಸ್ಟೀರಿಂಗ್ ಹಿಂದೆ ಡ್ರೈವರ್. ಪಕ್ಕದಲ್ಲಿ ನಾನು, ತೊಡೆಯ ಮೇಲೆ ವೋಲ್ಟ್ ಅಳೆಯುವ ಮೀಟರ್. ಹಿಂದಿನ ಸೀಟಿನಲ್ಲಿ ಯಜಮಾನರು, ಅವರ ಮಡಿಲಲ್ಲಿ ಟವಲಿನ ಗಂಟು. ಮುಳ್ಳು ಹದಿನಾಲ್ಕರಲ್ಲಿ ನಿಂತರೆ ಎಲ್ಲ ಸರಿ ಎಂದು ಹೊರಡುವ ಮುನ್ನವೇ ಇಬ್ಬರಿಗೂ ಹೇಳಿದ್ದೆ. ಅಂದರೆ ಮುಳ್ಳು ಹದಿನಾಲ್ಕರಲ್ಲಿ ನಿಂತರೆ ನನ್ನ ಪಕ್ಕದಲ್ಲಿ ಕುಳಿತವನು ಕಳ್ಳ.

ಗೂಳೂರಿನವರೆಗೂ ಮುಳ್ಳು ಹದಿನಾಲ್ಕನ್ನು ಬಿಟ್ಟು ಕದಲಲಿಲ್ಲ.

‘ಎಷ್ಟೈತೆ?’ ಹಿಂದಿನಿಂದ ಪ್ರಶ್ನೆ.

‘ಹದಿನಾಲ್ಕು.’

‘ನೋಡ್ಕೊಳ್ಲಾ,’ ಎಂದರು ಯಜಮಾನರು. ಡ್ರೈವರ್ ಗೇರ್ ಬದಲಿಸಿದ. ಅವನ ಕಣ್ಣು ರಸ್ತೆಯ ಮೇಲಿತ್ತು.

ನಾಗವಲ್ಲಿ ದಾಟಿ ಕಾರು ವೇಗ ಪಡೆಯಿತು. ರಸ್ತೆಯ ಹಳ್ಳಕ್ಕೆ ಚಕ್ರ ಬಿದ್ದಾಗ ಮುಳ್ಳು ಜಿಗಿದು ಹದಿನೈದರಲ್ಲಿ ನಿಂತಿತು. ಹದಿನಾರು. ಹದಿನೇಳು. ಮೂಗಿಗೆ ಆಸಿಡ್ಡಿನ ಹುಳಿ ವಾಸನೆ ಹತ್ತಿತು.

‘ನಿಲ್ಸು, ನಿಲ್ಸು,’ ಎಂದು ಕೂಗಿದೆ.

ಹುಣಸೆಮರದ ಕೆಳಗೆ ಕಾರು ನಿಂತಿತು. ಡ್ರೈವರ್ ಮೊದಲ ಸಲ ಹಿಂದಕ್ಕೆ ತಿರುಗಿ ನೋಡಿದ. ಯಜಮಾನರು ನೋಡಿದ್ದು ಅವನನ್ನಲ್ಲ, ನನ್ನನ್ನು.

‘ಓಹೋ! ನೀವಿಬ್ರೂ ಒಂದೇ ಏನಯ್ಯ ಮೇಸ್ತ್ರಿ? ಅವನನ್ನ ಉಳ್ಸೋಕೆ ನೀನು ಕೆಟ್ಟಿರೋ ಡಬ್ಬಿ ತಂದು ಹಾಕಿದ್ದೀಯಾ?’

ಇಳಿದು ಬಾನೆಟ್ ಎತ್ತಿದೆ. ಎರಡು ಹೊಸ ಡಬ್ಬಿಗಳು ಒಂದೇ ಕಾರಿನಲ್ಲಿ ಒಂದೇ ರೀತಿ ಕೆಡುವುದನ್ನು ನನ್ನ ಬುದ್ಧಿ ಒಪ್ಪಲಿಲ್ಲ. ಕೆಟ್ಟಿದ್ದು ಡಬ್ಬಿಯಲ್ಲದಿದ್ದರೆ ಇನ್ನೇನು? ಆಗ ತಗಡನ್ನು ನೋಡಿದೆ. ನಾನು ಕೆರೆದು ಬೆಳ್ಳಗೆ ಮಾಡಿದ್ದ ಜಾಗ ಕಾಣಲಿಲ್ಲ. ಅಲ್ಲಿ ಒತ್ತಾಗಿ, ಭಕ್ತಿಯಿಂದ ಎರಡು ಸಲ ಬಳಿದ ಕಪ್ಪು ಬಣ್ಣವಿತ್ತು. ಹೊಸ ಡಬ್ಬಿ ಆ ಬಣ್ಣದ ಪದರದ ಮೇಲೆ ಕುಳಿತಿತ್ತು. ಸ್ಕ್ರೂಗಳ ಮೂಲಕ ತಗಡಿನ ಸಂಪರ್ಕ ಅರೆಬರೆ ಸಿಗುತ್ತಿತ್ತು. ಕಾರು ಕುಲುಕಿದಾಗ ಅದೂ ತಪ್ಪುತ್ತಿತ್ತು. ಸಂಪರ್ಕ ತಪ್ಪಿದ ಡಬ್ಬಿ, ಅಳತೆ ಸಿಗದೆ, ಕರೆಂಟನ್ನು ಏರಿಸುತ್ತಲೇ ಹೋಗುತ್ತಿತ್ತು.

‘ಎಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತು,’ ಎಂದೆ ಡ್ರೈವರಿಗೆ. ಯಜಮಾನರ ಕೈಗೆ ಮೀಟರ್ ಕೊಟ್ಟೆ. ತುಂಡು ವೈರಿನ ಒಂದು ತುದಿಯನ್ನು ಡಬ್ಬಿಯ ಮೈಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಒತ್ತಿ ಹಿಡಿದೆ. ‘ಓದಿ.’

‘ಹದಿನಾಲ್ಕು.’

ವೈರ್ ತೆಗೆದೆ. ‘ಈಗ?’

ಮೀಟರನ್ನು ಕಣ್ಣಿನ ಹತ್ತಿರ ತಂದು, ‘ಹದಿನೇಳು,’ ಎಂದರು.

ಮೂರು ಸಲ ಹಾಗೆಯೇ ಮಾಡಿದೆ. ಮೂರನೆಯ ಸಲ ಅವರು ಓದುವ ದನಿ ತೀರ ಇಳಿದಿತ್ತು. ಕೇಳುವ ಮೊದಲೇ ಟವಲಿನ ಗಂಟನ್ನು ನನ್ನ ಕಡೆ ಚಾಚಿದರು. ಬ್ಲೇಡಿನಿಂದ ಡಬ್ಬಿಯ ಬೆನ್ನನ್ನು ಕೆರೆದೆ. ಕಪ್ಪು ಸಿಪ್ಪೆಯಂತೆ ಎದ್ದು, ಒಳಗೆ ಅದೇ ಬೆಳ್ಳಿಯ ಮೈ. ಅದರ ಮೇಲೆ ಒತ್ತಿದ ನಂಬರ್. ಜೇಬಿನಲ್ಲಿದ್ದ ಗ್ಯಾರಂಟಿ ಕಾರ್ಡನ್ನು ಅದರ ಪಕ್ಕದಲ್ಲಿಟ್ಟೆ. ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಅವರು ಓದಿಕೊಂಡರು.

ಯಜಮಾನರು ಕೆಟ್ಟವರಲ್ಲ. ‘ಆಯ್ತು ಬುಡ್ಲಾ, ಆಗಿದ್ದು ಆಗೋಯ್ತು. ನಾಳೆಯಿಂದ ಎಂದಿನಂಗೆ ಬಾ,’ ಎಂದರು.

‘ನನಗೆ ಇಲ್ಲಿ ಹೇಳಿದ್ದು ಸಾಲ್ದು ಯಜಮಾನ್ರೇ. ಬೈದಿದ್ದು ಕೊಬ್ಬರಿ ಅಂಗಡಿ ಮುಂದೆ. ಅಲ್ಲೇ ನಿಂತ್ಕೊಂಡು, ತಪ್ಪಾಯ್ತು, ಇವನು ಕಳ್ಳ ಅಲ್ಲ ಅಂತ ಒಂದು ಮಾತು ಅನ್ನಿ. ನಾಳೆ ಯಾಕೆ, ಇವತ್ತೇ ಬರ್ತೀನಿ.’

ಯಜಮಾನರು ಮೀಟರಿನ ಮುಳ್ಳನ್ನೇ ನೋಡುತ್ತ ನಿಂತರು. ಹುಣಸೆಮರದ ಕೆಳಗೆ ಒಪ್ಪಿಕೊಂಡದ್ದನ್ನು ಹತ್ತು ಜನರ ಮುಂದೆ ಒಪ್ಪಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ನಾನು ತಗಡನ್ನು ಕೆರೆದು, ಡಬ್ಬಿಯನ್ನು ಮತ್ತೆ ಕೂರಿಸಿದೆ. ಡ್ರೈವರ್ ಕಾರನ್ನು ಗುಬ್ಬಿಯವರೆಗೆ ಓಡಿಸಿ, ಅವರ ಮನೆಯ ಅಂಗಳದಲ್ಲಿ ನಿಲ್ಲಿಸಿ, ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಬಸ್ ಸ್ಟ್ಯಾಂಡಿನತ್ತ ನಡೆದ. ಕೊನೆಯವರೆಗೂ ಕುಣಿಗಲ್ಲಿನ ಲಾರಿಗಳನ್ನೇ ಓಡಿಸಿದ. ಆ ಒಂದು ಮಾತು ಗುಬ್ಬಿಯಲ್ಲಿ ಯಾರಿಂದಲೂ ಬರಲಿಲ್ಲ. ಬರಬೇಕಾದ ಜಾಗವನ್ನು ಕಟ್ಟುಕತೆ ಆಕ್ರಮಿಸಿತು.

ನನ್ನ ಪಾಲಿನ ತಪ್ಪೂ ಇದೆ. ಡಬ್ಬಿಯ ಕೆಳಗೆ ಬಣ್ಣ ತಾಗಿಸಬೇಡ ಎಂದು ಮೊದಲ ದಿನವೇ ಡ್ರೈವರಿಗೆ ಹೇಳಬೇಕಾಗಿತ್ತು. ಚೀಟಿ ಓದಿದವನು ನಾನು, ಅವನಲ್ಲ.

ಡ್ರೈವರೂ ಯಜಮಾನರೂ ಈಗಿಲ್ಲ. ಆ ಮೊದಲ ಡಬ್ಬಿ ಇದೆ. ಆ ದಿನ ಅದನ್ನು ಯಾರೂ ಕೇಳಲಿಲ್ಲ, ನಾನೂ ಹಿಂದಿರುಗಿಸಲಿಲ್ಲ. ಒಂದು ಬದಿ ಕಪ್ಪಗೆ, ಇನ್ನೊಂದು ಬದಿ ಕೆರೆದು ಬೆಳ್ಳಗೆ, ಶಿರಾ ಗೇಟ್‌ನ ನನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿ ಮೇಲಿನ ಅಡ್ಡಹಲಗೆಯ ಮೇಲಿದೆ. ಗ್ಯಾರಂಟಿ ಕಾರ್ಡ್ ಅದರ ಕೆಳಗೇ ಇದೆ. ಶಾಯಿ ಮಾಸಿದೆ, ಅಂಕಿಗಳು ಅಳಿಸಿಲ್ಲ. ಅಂಗಡಿ ಭಾನುವಾರ ಬಿಟ್ಟು ಎಲ್ಲ ದಿನವೂ ತೆರೆದಿರುತ್ತದೆ. ಡಬ್ಬಿಯ ಮೇಲಿನ ಅಂಕಿಗಳು ಸಣ್ಣವು. ಬರುವವರು ಕನ್ನಡಕ ತನ್ನಿ.