ನೀರು ಹೋಗಾಕತ್ತಾವ

2009ರಲ್ಲಿ ನಾನು ಹುನಗುಂದ ತಾಲ್ಲೂಕಿನಲ್ಲಿ ಹೆರಿಗೆ ತಜ್ಞೆಯಾಗಿದ್ದೆ. ಆ ವರ್ಷ ಮಲಪ್ರಭೆ ದಂಡೆ ಮೀರಿದಾಗ ನಮ್ಮ ತುರ್ತು ವೈದ್ಯಕೀಯ ತಂಡಕ್ಕೆ ಎತ್ತರದ ಜಾಗದಲ್ಲಿದ್ದ ಒಂದು ಶಾಲೆಯ ಎರಡು ಕೋಣೆ ಬಿಟ್ಟುಕೊಟ್ಟರು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಪೊಲೀಸ್ ವೈರ್‌ಲೆಸ್ ಸೆಟ್. ಔಷಧಕ್ಕೆ ಬರವಿರಲಿಲ್ಲ, ಮಾತಿಗೆ ಬರ. ಮೊಬೈಲ್ ಟವರುಗಳಲ್ಲಿ ಡೀಸೆಲ್ ಮುಗಿದಿತ್ತು, ಫೋನಿನ ಕೇಬಲ್ ಕೊಚ್ಚಿಹೋಗಿತ್ತು.

ಆ ದಿನಗಳು ನನಗೆ ಈಗಲೂ ಅರೆನಿದ್ದೆಯಲ್ಲಿ ಕಂಡಂತೆ ನೆನಪಾಗುತ್ತವೆ. ಕಿಟಕಿಯಾಚೆ ಸಜ್ಜೆ ಹೊಲವಿದ್ದಲ್ಲಿ ಕಂದು ನೀರು. ಅದರ ಮೇಲೆ ಅವಸರವೇ ಇಲ್ಲದೆ ತೇಲುತ್ತಿದ್ದ ಮೇವಿನ ಬಣವೆ, ಬಣವೆಯ ಮೇಲೊಂದು ಕೋಳಿ. ನಾನು ಹಳೆ ಬಾಗಲಕೋಟೆಯವಳು, ಅಣೆಕಟ್ಟಿನ ಹಿನ್ನೀರು ನಮ್ಮ ಓಣಿಯನ್ನು ನುಂಗಿದ್ದನ್ನು ನಿಂತು ನೋಡಿದವಳು. ಆದರೆ ಅದು ಹೇಳಿ ಬಂದ ನೀರು, ಇದು ಹೇಳದೆ ಬಂದದ್ದು. ಆ ಕೋಳಿಯನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ಮೈಮರೆತು ನಿಂತಿದ್ದೆ.

ವೈರ್‌ಲೆಸ್ ಮುಂದೆ ಕೂತಿದ್ದವನು ಶಿವಣ್ಣ, ಮಂಡ್ಯದ ಕಡೆಯಿಂದ ಡ್ಯೂಟಿಗೆ ಬಂದ ಹವಾಲ್ದಾರ. ಅವನ ಕನ್ನಡ ನಮಗೆ ರೇಡಿಯೋ ವಾರ್ತೆಯಂತೆ ಕೇಳುತ್ತಿತ್ತು, ನಮ್ಮದು ಅವನಿಗೆ ಜಗಳದಂತೆ. ವೈರ್‌ಲೆಸ್ಸಿನ ಗುಣ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು, ಎರಡೂ ಒಟ್ಟಿಗೆ ಆಗದು. ಮಾತು ಮುಗಿಯಿತೆಂದು ತಿಳಿಸಲು ‘ಓವರ್’ ಅನ್ನಬೇಕು. ಒಬ್ಬರು ಆಡಿದ್ದು ಆ ಚಾನೆಲ್ಲಿನಲ್ಲಿರುವ ಎಲ್ಲರ ಕಿವಿಗೂ ಬೀಳುತ್ತದೆ.

ಒಂದು ಮಧ್ಯಾಹ್ನ, ನೀರು ಸುತ್ತುವರಿದ ಒಂದು ಹಳ್ಳಿಯಿಂದ ಗರಗರ ಸದ್ದಿನ ನಡುವೆ ಸಂದೇಶ ಬಂತು. ಅಲ್ಲಿನ ಜನ ಗುಡಿಯ ಮಾಳಿಗೆ ಹತ್ತಿ ಕೂತಿದ್ದರು, ಪೊಲೀಸರು ಅವರ ಕೈಗೊಂದು ಸೆಟ್ ಕೊಟ್ಟುಬಂದಿದ್ದರು. ಶಿವಣ್ಣ ಹೇಳಿದ: “ಮೇಡಂ, ಅಲ್ಲಿ ಯಾರೋ ಅಜ್ಜಿಗೆ ದಿನ ತುಂಬಿದೆಯಂತೆ, ಪಾಪ. ಆದ್ರೆ ನೀರು ಹೋಗ್ತಾ ಇದೆಯಂತೆ. ಅಲ್ಲಿಗೆ ಅರ್ಜೆಂಟಿಲ್ಲ.”

ನಮ್ಮ ಪಾಲಿಗಿದ್ದದ್ದು ಒಂದೇ ರಬ್ಬರ್ ಬೋಟ್. ಬೋಟಿನ ಉಸ್ತುವಾರಿಯ ಅಧಿಕಾರಿ ಅದನ್ನು ಬೇರೆ ದಿಕ್ಕಿಗೆ ಹೊರಡಿಸತೊಡಗಿದರು.

ಬೆಳಗಿನಿಂದ ಶಾಲೆಯ ಕಟ್ಟೆಯ ಮೇಲೆ ಮಲ್ಲಪ್ಪ ಎಂಬವನು ಸುದ್ದಿಗೆ ಕಾದು ಕೂತಿದ್ದ. ಇಳಕಲ್ಲಿನಲ್ಲಿ ಪವರ್‌ಲೂಮ್ ನಡೆಸುವ ನೇಕಾರ. ಆ ಹಳ್ಳಿಯ ಹೆಸರು ಕಿವಿಗೆ ಬಿದ್ದದ್ದೇ ಒಳಗೆ ಬಂದ.

“ಡಾಕ್ಟರ್ ಬಾಯಾರ, ಅದು ನಮ್ಮ ಮಾವನ ಊರ್ರಿ. ನಮ್ಮಾಕಿ ಗಂಗಾ ಚೊಚ್ಚಲ ಹೆರಿಗಿಗೆ ತವರಮನಿಗೆ ಹೋಗ್ಯಾಳ್ರಿ.”

“ಎಷ್ಟರಾಗ ಐತಿ?”

ಅವನು ನೆಲ ನೋಡಿದ. “ಒಂಬತ್ತು ತುಂಬ್ಯಾವ್ರಿ.”

ತುಂಬ್ಯಾವ! ನಾನು ಎದ್ದ ರಭಸಕ್ಕೆ ಚಹಾ ಮೈಮೇಲೆ ಚೆಲ್ಲಿತು. “ಶಿವಣ್ಣ, ಅಜ್ಜಿ ಅಂತ ಅವರು ಅಂದ್ರೋ, ನೀನ ಸೇರಿಸಿದ್ಯೋ?”

“ದಿನ ತುಂಬಿದೆ ಅಂದ್ರಲ್ಲ ಮೇಡಂ, ಅದಕ್ಕೇ...”

“ಯಪ್ಪಾ ದೇವರ, ನಮ್ಮ ಅಂಗಳದಾಗ ನೀರು ಏರಾಕತ್ತಾವ, ಅಲ್ಲಿ ಹೆಂಗ ಇಳೀತಾವೋ? ಅವು ಹೊಳಿ ನೀರಲ್ಲ, ಬಸುರಿ ಹೆಂಗಸಿನ ನೀರು!” ಎಂದೆ.

ದಿನ ತುಂಬುವುದೆಂದರೆ ಸಾವಿಗೂ ಸೈ, ಹೆರಿಗೆಗೂ ಸೈ. ನೀರು ಹೋಗುವುದೆಂದರೆ ಹೆರಿಗೆ ಕೋಣೆಯಲ್ಲಿ ಒಂದೇ ಅರ್ಥ: ಕೂಸಿನ ಸುತ್ತಲಿನ ಚೀಲ ಒಡೆದಿದೆ. ಸಂದೇಶ ಕೊಟ್ಟವನು ಗಂಗಾಳ ಅಪ್ಪ ಎಂದು ಆಮೇಲೆ ತಿಳಿಯಿತು. ತಾಲ್ಲೂಕಿನ ಪೊಲೀಸರೆಲ್ಲ ಕೇಳುವ ಚಾನೆಲ್ಲಿನಲ್ಲಿ ಮಗಳು ಹೆರಿಗೆ ಬ್ಯಾನಿ ತಿನ್ನುತ್ತಿದ್ದಾಳೆಂದು ಆತ ಹೇಗೆ ಬಾಯಿಬಿಟ್ಟಾನು? ಮರ್ಯಾದಸ್ಥ ಮನುಷ್ಯ, ಮಾತಿಗೆ ಸೆರಗು ಹೊದಿಸಿ ಕಳಿಸಿದ್ದ.

“ಖಾತ್ರಿ ಇಲ್ದೆ ಬೋಟ್ ಹೆಂಗ ತಿರಗಸ್ಲಿರಿ?” ಎಂದರು ಅಧಿಕಾರಿ.

“ಖಾತ್ರಿ ಮಾಡಿಕೊಡ್ತೇನಿ, ನಿಲ್ರಿ,” ಎಂದು ನಾನೇ ಮೈಕ್ ಹಿಡಿದೆ. “ಗಂಡಸ್ರು ದೂರ ಸರೀರಿ. ಹೆಣ್ಣಮಕ್ಕಳ ಕೈಯಾಗ ಸೆಟ್ ಕೊಡ್ರಿ. ಓವರ್.”

ಬಹಳ ಹೊತ್ತು ಗರಗರ. ಆಮೇಲೆ ಬಾವಿಯ ತಳದಿಂದ ಬಂದಂತೆ ಒಂದು ದನಿ: “ನಾ ಬಸವ್ವ ರೀ, ಆಕಿ ಅವ್ವ. ಯವ್ವಾ, ಕೇಳಸ್ತದೇನ? ಯವ್ವಾ?” ಗುಂಡಿ ಬಿಡುವುದು ಗೊತ್ತಿಲ್ಲದೆ ಕೇಳುತ್ತಲೇ ಇದ್ದಳು. ಅವಳು ಸುಮ್ಮನಾದಾಗ ಹೇಳಿಕೊಟ್ಟೆ: “ಮಾತು ಮುಗದ ಕೂಡಲೇ ಓವರ್ ಅನ್ನವಾ, ಗುಂಡಿ ಬಿಡು. ನೀರು ಯಾವ ಬಣ್ಣ ಅದಾವ? ಓವರ್.”

“ಹೆಸರಕಾಳ ಕುದಿಸಿದ ನೀರಿನಂಗ ಹಸರ ಅದಾವ್ರಿ. ಓವರ್.”

ನೀರು ಹಸಿರಾಗಿದೆಯೆಂದರೆ ಕೂಸು ಒಳಗೇ ಮಲ ಮಾಡಿದೆ, ಅದಕ್ಕೆ ಸಂಕಟವಾಗಿದೆ. ಅದನ್ನೇ ಉಸಿರಿನೊಂದಿಗೆ ಎಳೆದುಕೊಂಡರೆ ಮುಗಿಯಿತು. ಅಧಿಕಾರಿ ಬೋಟ್ ತಿರುಗಿಸಿದರು. ಗಂಟಲು ಸ್ವಚ್ಛ ಮಾಡುವ ಸಕ್ಷನ್ ಸಾಮಾನು ಹಿಡಿದು ನರ್ಸ್ ಫಾತಿಮಾ ಹೋದಳು. ನನಗೂ ಹೋಗುವ ಆಸೆ. ಆದರೆ ಬಸವ್ವನಿಗೆ ನನ್ನ ದನಿಯೊಂದೇ ಹಿಡಿದುಕೊಂಡ ಹಗ್ಗ, ಅದನ್ನು ಬಿಟ್ಟು ಏಳಲಾಗಲಿಲ್ಲ.

ಬಿಸಿನೀರಿಲ್ಲದ ಮಾಳಿಗೆ, ಅಡ್ಡ ಕಟ್ಟಿದ ಸೀರೆಗಳ ಮರೆ. ನಾನು ಅನ್ನುತ್ತಿದ್ದೆ, ಅವಳು ಮಾಡುತ್ತಿದ್ದಳು. “ತಲಿ ಕಾಣಸ್ತದರಿ. ಓವರ್.” “ಕೂಸು ಬಂದ ಕೂಡಲೇ ಬಾಯಿ, ಮೂಗು ಒರಸು. ಬೆನ್ನು ತಿಕ್ಕು. ಓವರ್.” ಆಮೇಲೆ ದನಿ ನಿಂತಿತು. ಕರೆದೆ, ಮತ್ತೆ ಕರೆದೆ. ಮಲ್ಲಪ್ಪ ಹರಿದ ಎಳೆಗೆ ಗಂಟು ಹಾಕುವಂತೆ ಬೆರಳಾಡಿಸುತ್ತಿದ್ದ, ಕೈಯಲ್ಲಿ ನೂಲಿರಲಿಲ್ಲ. ಹೊರಗೆ ಅದೇ ನೀರು, ಅದೇ ತೂಕಡಿಕೆ. ಊರು, ಹೊಲ, ನಾವು ಎಲ್ಲ ಎತ್ತಲೋ ತೇಲಿಹೋಗುತ್ತಿದ್ದೇವೆ ಅನ್ನಿಸಿತು.

ಕೊನೆಗೆ ಬಸವ್ವನ ಬಿಕ್ಕು: “ಬೋಟ್ ಬಂತ್ರಿ... ಬಾಯಾರ, ದಿನ ತುಂಬಿದ್ವು...” ಮುಂದಿನದು ಗರಗರದಲ್ಲಿ ಮುಳುಗಿತು.

ಶಿವಣ್ಣ ನನ್ನ ಮುಖ ನೋಡಿದ. ಅಷ್ಟು ಹೊತ್ತು ಅವನಿಗೆ ಅರ್ಥ ಹೇಳಿದವಳಿಗೆ ಈಗ ಅರ್ಥ ಹೊಳೆಯಲೊಲ್ಲದು. ಕೇಳಲು ಭಯ, ಕೇಳದಿರಲೂ ಭಯ. ಗುಂಡಿ ಒತ್ತಿದೆ. “ಬಸವ್ವಾ, ಕೂಸು ಏನಂತೈತವಾ? ಓವರ್.”

ಅವಳು ಗುಂಡಿ ಒತ್ತಿ ಸೆಟ್ಟನ್ನು ಕೂಸಿನ ಬಾಯಿಗೆ ಹಿಡಿದಳು. ಕೋಣೆ ತುಂಬ ಅಳು. ತಾಲ್ಲೂಕಿನ ಎಲ್ಲ ಸೆಟ್ಟುಗಳಲ್ಲೂ ಅದೇ ಅಳು ಕೇಳಿರಬೇಕು. ಅದು ಮನಸಾರೆ ಅತ್ತು ಮುಗಿಸುವ ತನಕ ಕಾದು, ಬಸವ್ವ ಅಂದಳು: “ಓವರ್.”

ಮಲ್ಲಪ್ಪ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟ. “ಆಕಿ?” ಎಂದು ನನ್ನಿಂದ ಕೇಳಿಸಿದ. ಗಂಗಾ ಕ್ಷೇಮ, ನೀರು ಕೇಳಿ ಕುಡಿದಳು ಎಂದು ಫಾತಿಮಾ ತಿಳಿಸಿದಳು. ಅಂದು ನಾನೂ ಅತ್ತೆ, ಮುಚ್ಚಿಡುವುದೇನಿದೆ.

ನೀರಿಳಿದ ಮೇಲೆ ಶಿವಣ್ಣ ತನ್ನ ಊರಿಗೆ ಹೊರಟು ನಿಂತ. “ಬರ್ತೇನ್ರಿ ಬಾಯಾರ,” ಎಂದ, ನಮ್ಮದೇ ಧಾಟಿಯಲ್ಲಿ. “ಹೋಗಾವ ಬರ್ತೇನಿ ಅಂತೀಯಲ್ಲೋ. ವೈರ್‌ಲೆಸ್ಸಿನಾಗ ಅಂದಿದ್ರ ಬರಾಕತ್ತೀ ಅಂತ ತಿಳಿದು ನಿನಗೂ ಚಹಾ ಇಡ್ತಿದ್ದೆ,” ಎಂದೆ. ಇಬ್ಬರೂ ನಕ್ಕೆವು.

ಅವನದೇನೂ ತಪ್ಪಿಲ್ಲ. ಹೋಗುವಾಗಲೂ ಬರ್ತೇನಿ ಅನ್ನುವ ಜನ ನಾವು. ನಿವೃತ್ತಿಯಾಗುವ ತನಕ ನನ್ನ ತಂಡದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಸಂದೇಶ ಬಂದರೆ ನಿಮಗೆ ತಿಳಿದದ್ದನ್ನು ಆಡಿದವರಿಗೇ ತಿರುಗಿ ಹೇಳಿ, ಆಮೇಲೆ ಗುಂಡಿ ಬಿಟ್ಟು, ಅವರು ಓವರ್ ಅನ್ನುವ ತನಕ ಕಾಯಿರಿ.